ಹಳದಿ ದಾರ ಕಟ್ಟಿದ ಜೀಪು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪುಗಳು ಒಂದೊಂದಾಗಿ ಮೈಸೂರಿಗೆ ಬಂದು ಸೇರುತ್ತಿದ್ದ ಕಾಲ. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು. ಲಷ್ಕರ್ ಮೊಹಲ್ಲಾದ ನಮ್ಮ ಗ್ಯಾರೇಜಿನಲ್ಲಿ ನಾವು ಈ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದೆವು, ಅವುಗಳ ಒಡೆಯರನ್ನು ಗೇಲಿ ಮಾಡುತ್ತಿದ್ದೆವು. ಎರಡೂ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದೆವು ಎಂದು ಈಗಲೂ ಧೈರ್ಯವಾಗಿ ಹೇಳಬಲ್ಲೆ.

ಗೇಲಿಗೆ ನಾವು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅದೇ ಬಾಗಿಲಿಗೆ ಬರುತ್ತಿತ್ತು. ಒಬ್ಬ ವಕೀಲರು ಜೀಪಿನ ಪಕ್ಕಕ್ಕೆ ಸಿಕ್ಕಿಸಿದ್ದ ಗುದ್ದಲಿಗೂ ಕೊಡಲಿಗೂ ನಿಕ್ಕಲ್ ಪಾಲಿಶ್ ಹಾಕಿಸಿದ್ದರು. ಆ ಗುದ್ದಲಿಯ ತುದಿಗೆ ಮಣ್ಣು ತಾಗಿದ್ದನ್ನು ಯಾರೂ ಕಂಡಿರಲಿಲ್ಲ, ಗಾಡಿ ಕೋಳಿ ನಾಯಿ ಚದುರುವ ವೇಗದಲ್ಲಿ ಕೋರ್ಟಿನಿಂದ ಕ್ಲಬ್ಬಿಗೆ ಹೋಗುತ್ತಿತ್ತು, ಕ್ಲಬ್ಬಿನಿಂದ ಮನೆಗೆ. ಒಬ್ಬ ದಿನಸಿ ವ್ಯಾಪಾರಿ ಟಯರು ಸವೆಯಬಾರದೆಂದು ಜೀಪನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಸಂಜೆ ಅದರೊಳಗೆ ಕೂತು ಪೇಪರ್ ಓದುತ್ತಿದ್ದರು. ಇನ್ನೊಬ್ಬ ಜಮೀನುದಾರರು ಜೀಪು ಚಿಕ್ಕದಾಯಿತೆಂದು ಫಿರಂಗಿ ಎಳೆಯುವ ದೊಡ್ಡ ಮಿಲಿಟರಿ ಗಾಡಿಯನ್ನೇ ತಂದರು. ನಮ್ಮ ಮೊಹಲ್ಲಾದ ಓಣಿಯಲ್ಲಿ ಅದು ಎರಡು ಮನೆಗಳ ಗೋಡೆಯ ನಡುವೆ ಬಿರಡೆ ಹಾಕಿದ ಹಾಗೆ ಸಿಕ್ಕಿಕೊಂಡಿತು. ಬಾಗಿಲು ತೆಗೆಯಲು ಜಾಗವಿಲ್ಲದೆ ಅವರು ಹಿಂದಿನ ಟಾರ್ಪಾಲು ಸರಿಸಿ, ಪಂಚೆ ಎತ್ತಿಕೊಂಡು ಇಳಿದರು. ಎಡಗಡೆ ಮನೆಯ ಹೆಂಗಸು ಕಿಟಕಿಯಿಂದ, "ಸ್ವಾಮಿ, ಒಗ್ಗರಣೆ ಹಾಕ್ತಿದೀನಿ, ಇಂಜಿನ್ನು ನಿಲ್ಸಿ" ಎಂದು ಕೂಗಿದ್ದು ಮೊಹಲ್ಲಾದಲ್ಲಿ ಬಹಳ ದಿನ ಉಳಿಯಿತು.

ನನಗೆ ಡೈರಿ ಬರೆಯುವ ಅಭ್ಯಾಸ. ಯಾವ ಗಾಡಿ ಯಾವ ದಿನ ಬಂತು, ಏನು ಕೆಟ್ಟಿತ್ತು, ಏನು ಹಾಕಿದೆವು, ಎಲ್ಲವನ್ನೂ ಅವತ್ತಿನದವತ್ತೇ ಬರೆದಿಡುತ್ತಿದ್ದೆ. ಹಿಂಬದಿಯ ಪುಟದಲ್ಲಿ ಮಾತ್ರ ಒಂದು ಬೇರೆ ಲೆಕ್ಕವಿತ್ತು. ಒಡೆಯರ ಅಡ್ಡಹೆಸರು ಬರೆದು, ಅವರು ಮಾಡಿದ ಒಂದೊಂದು ಎಡವಟ್ಟಿಗೆ ಒಂದೊಂದು ಗೀಟು. ಅದನ್ನು ನೋಡಿ ನಮ್ಮ ಮೇಸ್ತ್ರಿ, "ಇದು ಸ್ಕೂಲಿನ ಹಾಜರಿ ಪುಸ್ತಕಕ್ಕಿಂತ ಚೆನ್ನಾಗಿ ತುಂಬ್ತಾ ಇದೆ ಕಣೋ" ಎನ್ನುತ್ತಿದ್ದರು. ಮೇಸ್ತ್ರಿ ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಇದ್ದವರು. ಜೀಪಿನ ವಿಷಯದಲ್ಲಿ ಮೈಸೂರಿನಲ್ಲಿ ಅವರದೇ ಕೊನೆಯ ಮಾತು, ಹಾಗೆಂದು ಅವರೇ ಹೇಳುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ ಬೀದಿಯ ಆ ತುದಿಯಿಂದ ವಿಮಾನ ಬಂದ ಹಾಗೆ ಶಬ್ದ ಬಂತು. ನಾವು ಸ್ಪ್ಯಾನರ್ ಕೆಳಗಿಟ್ಟು ನೋಡಿದೆವು. ಶಬ್ದ ಬಂತೇ ಹೊರತು ಗಾಡಿ ಬರಲಿಲ್ಲ. ಮೊದಲು ಒಂದು ಸೈಕಲ್ಲು ಬಂತು. ಆಮೇಲೆ ಸೌದೆ ಹೇರಿದ ಒಂದು ಎತ್ತಿನ ಗಾಡಿ ಬಂತು. ಅದರ ಹಿಂದೆ, ಇಂಜಿನ್ನು ಗಂಟಲು ಹರಿಯುವಂತೆ ಕಿರುಚಿಕೊಂಡು, ಮುಂದಿನಿಂದ ಹಬೆ ಕಾರುತ್ತ, ಮನುಷ್ಯ ನಡೆಯುವ ವೇಗದಲ್ಲಿ ಒಂದು ಜೀಪು ಬಂತು. ಸ್ಟೀರಿಂಗ್ ಹಿಡಿದಿದ್ದವರು ಬಿಳಿ ಪೇಟ ಸುತ್ತಿದ ದಪ್ಪ ಮೀಸೆಯ ಯಜಮಾನರು. ಮುಖದಲ್ಲಿ ಗಾಂಭೀರ್ಯಕ್ಕೇನೂ ಕಡಿಮೆಯಿರಲಿಲ್ಲ.

"ಅಂಬಾರಿ ಬಂತು, ದಾರಿ ಬುಡ್ರಪ್ಪಾ" ಎಂದರು ಮೇಸ್ತ್ರಿ ಮೆಲ್ಲಗೆ. ಡೈರಿಯಲ್ಲಿ ಅಂದೇ ಅವರ ಹೆಸರು ಅಂಬಾರಿ ಯಜಮಾನರು ಎಂದಾಯಿತು.

ಯಜಮಾನರದು ಇಟ್ಟಿಗೆ ಗೂಡಿನ ವ್ಯವಹಾರ. ನಂಜನಗೂಡಿನಾಚೆಯ ಹಳ್ಳಿಯ ಒಕ್ಕಲು ಮನೆತನ, ಈಗ ವಿದ್ಯಾರಣ್ಯಪುರಂನಲ್ಲಿ ಮನೆ. ಜೀಪು ಕೊಂಡು ಮೂರು ವಾರವಾಗಿತ್ತು. ಇಳಿದವರೇ ದೂರು ಹೇಳಿದರು.

"ಏನ್ರೀ ಮೇಸ್ತ್ರಿ, ಈ ಗಾಡಿ ಇಷ್ಟೊಂದು ನೀರು ಕುಡೀತದೆ? ನಮ್ಮ ಎಮ್ಮೆನೂ ಇಷ್ಟು ಕುಡಿಯಾಕಿಲ್ಲ. ಮನೆಯಿಂದ ಇಲ್ಲಿಗೆ ಬರೋದ್ರಲ್ಲಿ ಎರಡು ಕಿತ ನೀರು ಕೇಳ್ತು."

"ವೇಗ ಎಂಗೆ ಯಜಮಾನ್ರೇ?"

"ವೇಗ ಏನ್ ವೇಗ? ಮಿಲಿಟರಿ ಗಾಡಿ, ಇಂಗೇ ಓಡೋದು. ಶಕ್ತಿ ಇರೋ ಪ್ರಾಣಿ ನಿಧಾನಕ್ಕೇ ನಡೀತದೆ. ಆನೆ ಓಡ್ತದಾ?"

ಮೇಸ್ತ್ರಿ ಕೆಮ್ಮಿದ ಹಾಗೆ ಮಾಡಿ ಬೆನ್ನು ತಿರುಗಿಸಿದರು. ಅವರ ಭುಜ ಕುಲುಕುತ್ತಿತ್ತು.

ನಾನು ಒಳಗೆ ಬಗ್ಗಿ ನೋಡಿದೆ. ಜೀಪಿನ ಬಗ್ಗೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಅದರ ನೆಲದ ಮೇಲೆ ಮಾಮೂಲು ಗೇರ್ ಕಡ್ಡಿಯಲ್ಲದೆ ಇನ್ನೂ ಎರಡು ಗಿಡ್ಡ ಕಡ್ಡಿಗಳಿರುತ್ತವೆ. ಒಂದನ್ನು ಹಾಕಿದರೆ ಹಿಂದಿನ ಚಕ್ರಗಳ ಜೊತೆ ಮುಂದಿನವೂ ಎಳೆಯುತ್ತವೆ. ಇನ್ನೊಂದನ್ನು ಹಾಕಿದರೆ ಶಕ್ತಿ ಹೆಚ್ಚಿ ವೇಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎರಡೂ ಕೆಸರಿಗೆ, ಮರಳಿಗೆ, ಕಡಿದಾದ ಬೆಟ್ಟಕ್ಕೆ. ಟಾರು ರಸ್ತೆಗೆ ಬಂದೊಡನೆ ಬಿಡಿಸಬೇಕು. ಈ ಜೀಪಿನಲ್ಲಿ ಎರಡೂ ಹಾಕಿಯೇ ಇದ್ದವು. ಅಷ್ಟೇ ಅಲ್ಲ, ಎರಡಕ್ಕೂ ಸೇರಿಸಿ ಅರಿಸಿನದ ದಾರವನ್ನು ಸುತ್ತುಸುತ್ತಾಗಿ ಬಿಗಿದು, ನಡುವೆ ಒಂದು ಅರಿಸಿನದ ಕೊಂಬು ಕಟ್ಟಿತ್ತು. ಮೇಲೆ ಕುಂಕುಮ, ಒಣಗಿದ ಸೇವಂತಿಗೆ.

ಮೂರು ವಾರದಿಂದ ಯಜಮಾನರು ಮೈಸೂರಿನ ಬೀದಿಗಳಲ್ಲಿ ಬೆಟ್ಟ ಹತ್ತುತ್ತಿದ್ದರು.

"ಈ ದಾರ ಯಾರು ಕಟ್ಟಿದ್ದು?" ಎಂದೆ.

"ಅದು ಮುಟ್ಬೇಡ!" ಯಜಮಾನರು ಓಡಿ ಬಂದರು. "ಅದು ನಮ್ಮವ್ವನ ಹರಕೆ ಕಂಕಣ."

ವಿಷಯ ಹೀಗಿತ್ತು. ಗಾಡಿ ಮನೆಗೆ ಬಂದ ದಿನ ಮಳೆ. ತಂದುಕೊಟ್ಟ ಡ್ರೈವರು ಹಿತ್ತಿಲ ಕೆಸರಿನಿಂದ ದಿಬ್ಬ ಹತ್ತಿಸಲು ಎರಡೂ ಕಡ್ಡಿ ಹಾಕಿದ್ದಾನೆ, ಬಿಡಿಸದೆ ಹೋಗಿದ್ದಾನೆ. ಪೂಜೆಯಾಯಿತು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಆಯಿತು. ಕಂಕಣ ಎಲ್ಲಿ ಕಟ್ಟುವುದು? ಸ್ಟೀರಿಂಗು ತಿರುಗುತ್ತದೆ, ಗೇರ್ ಕಡ್ಡಿ ಅಲ್ಲಾಡುತ್ತದೆ. ಪೂಜೆಯ ಅಯ್ಯನವರಿಗೆ ಪಕ್ಕಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಎರಡು ಗಿಡ್ಡ ಕಡ್ಡಿಗಳು ಕಂಡವು. "ಗಂಡ ಹೆಂಡತಿ ನಿಂತಂಗೆ ಅವೆ, ಇಲ್ಲೇ ಕಟ್ಟೋಣ" ಎಂದು ಕಟ್ಟಿದರು. ಹರಕೆ ತೀರುವ ತನಕ ಬಿಚ್ಚಬಾರದು, ಅಲುಗಿಸಬಾರದು.

"ಹರಕೆ ಎಲ್ಲಿಯದು?" ಮೇಸ್ತ್ರಿ ಕೇಳಿದರು. ಈ ಸಲ ಅವರು ನಗಲಿಲ್ಲ.

"ನಮ್ಮ ಮನೆದೇವರ ಬೆಟ್ಟಕ್ಕೆ. ಶ್ರಾವಣದ ಶನಿವಾರ ಅವ್ವನ್ನ ಮೇಲಕ್ಕೆ ಕರ್ಕೊಂಡು ಹೋಗಬೇಕು. ಅದಕ್ಕೇ ಈ ಗಾಡಿ ತಗಂಡಿದ್ದು, ಬೀದಿ ಸುತ್ತಾಕಲ್ಲ."

ಬೆಟ್ಟ ನಂಜನಗೂಡು ದಾಟಿ ಬಹಳ ಮುಂದೆ. ಬುಡದ ತನಕ ಟಾರು ಮತ್ತು ಜಲ್ಲಿ ರಸ್ತೆ, ಆಮೇಲೆ ಮರ ಸಾಗಿಸಲು ಕಡಿದ ಒರಟು ದಾರಿ. ಮೇಸ್ತ್ರಿ ಮುಂದಿನ ಟಯರಿನ ಮೇಲೆ ಕೈಯಾಡಿಸಿದರು. ಮೂರು ವಾರಕ್ಕೇ ಅದರ ಹಲ್ಲು ಹಾಳಾಗಿತ್ತು. "ಈ ಗೇರಿನಲ್ಲಿ ಅಷ್ಟು ದೂರ ಟಾರಿನ ಮೇಲೆ ಹೋದ್ರೆ ಬುಡ ಮುಟ್ಟೋಕೆ ಮುಂಚೆ ಒಳಗಿನ ಹಲ್ಲುಗಳು ಪುಡಿ. ದಾರ ಬಿಚ್ಚಿ, ಐದು ನಿಮಿಷದ ಕೆಲಸ."

"ಬಿಚ್ಚಾಕಿಲ್ಲ."

"ಹಂಗಾದ್ರೆ ಹರಕೆ ತೀರಿದ ಮೇಲೆ ಬನ್ನಿ."

"ಗಾಡಿ ಸರಿಯಾದ್ರಲ್ವೇನ್ರೀ ಹರಕೆ ತೀರೋದು?"

ಇಬ್ಬರೂ ಹೇಳಿದ್ದು ಸರಿ. ಆ ಮಾತು ಅಲ್ಲೇ ನಿಂತಿತು. ಯಜಮಾನರು ರೇಡಿಯೇಟರಿಗೆ ನೀರು ಹಾಕಿಸಿಕೊಂಡು, ಅದೇ ಶಬ್ದದಲ್ಲಿ, ಅದೇ ನಡಿಗೆಯಲ್ಲಿ ಹೊರಟರು. ಬೀದಿಯಂಚು ದಾಟುವುದಕ್ಕೆ ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ನಾವು ಟೀ ತರಿಸಿ ಕುಡಿದು ಮುಗಿಸಿದಾಗಲೂ ಅವರ ಬಿಳಿ ಪೇಟ ಕಾಣುತ್ತಿತ್ತು.

ನನಗೆ ಮಾತ್ರ ಕೆಲಸ ಅರ್ಧಕ್ಕೆ ಬಿಟ್ಟ ಹಾಗಾಯಿತು. ದಾರವನ್ನೂ ಬಿಚ್ಚಬಾರದು, ಗೇರೂ ಬಿಡಿಸಬೇಕು. ಅಂದು ಸಂಜೆ ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದ ಇನ್ನೊಂದು ಜೀಪಿನ ಗೇರ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಎರಡು ಗಿಡ್ಡ ಕಡ್ಡಿಗಳು ಕೆಳಗೆ ಒಂದೇ ಅಡ್ಡ ಪಿನ್ನಿನ ಮೇಲೆ ನಿಂತಿರುತ್ತವೆ. ಪಿನ್ನನ್ನು ಒಂದು ಸಣ್ಣ ಬೋಲ್ಟು ಹಿಡಿದಿರುತ್ತದೆ. ಪಿನ್ನು ಎಳೆದರೆ ಎರಡೂ ಕಡ್ಡಿ ಒಟ್ಟಿಗೇ ಮೇಲೆ ಬರುತ್ತವೆ. ಒಟ್ಟಿಗೇ ಬರುತ್ತವೆ ಎಂದಮೇಲೆ ಅವುಗಳ ನಡುವಿನ ದಾರಕ್ಕೆ ಏನೂ ಆಗುವುದಿಲ್ಲ. ಕಡ್ಡಿ ಇಲ್ಲದ ಮೇಲೆ ಒಳಗಿನ ಸರಳುಗಳನ್ನು ಸ್ಕ್ರೂ ಡ್ರೈವರಿನಿಂದ ತಳ್ಳಿ ಮಾಮೂಲು ಗೇರಿಗೆ ತರಬಹುದು. ಬೆಟ್ಟದ ಬುಡದಲ್ಲಿ ಸರಳುಗಳನ್ನು ಹಿಂದಕ್ಕೆ ತಂದು, ಕಡ್ಡಿಗಳನ್ನು ದಾರದ ಸಮೇತ ಕೂರಿಸಿದರೆ ಅವು ಕಟ್ಟಿದ ಸ್ಥಿತಿಯಲ್ಲೇ ಕೂರುತ್ತವೆ. ಬೆಟ್ಟಕ್ಕೆ ಬೇಕಾದ ಗೇರೂ ಅದೇ.

ಮೇಸ್ತ್ರಿಗೆ ಹೇಳಿದೆ. ಅವರು ಬೀಡಿ ಹಚ್ಚಿ ಯೋಚಿಸಿದರು. "ಆಗ್ತದೆ. ಆದ್ರೆ ಆ ಮುದುಕಮ್ಮನ ಒಪ್ಪಿಗೆ ನೀನೇ ತರಬೇಕು. ದೇವರ ದಾರ ಕಿತ್ತ ಗ್ಯಾರೇಜು ಅಂತ ಹೆಸರು ಬಂದ್ರೆ ಈ ಮೊಹಲ್ಲಾದಲ್ಲಿ ಯಾರೂ ಪಂಚರ್ ಹಾಕಿಸೋಕೂ ಬರಲ್ಲ."

ಮರುದಿನ ವಿದ್ಯಾರಣ್ಯಪುರಂಗೆ ಹೋದೆ. ಅವ್ವ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಒಂದು ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಮಗ ಇಟ್ಟಿಗೆ ಗೂಡಿಗೆ ಹೋಗಿದ್ದರು.

"ಗ್ಯಾರೇಜಿನವನಾ? ಕೂತ್ಕೊ ಮಗಾ. ನನ್ನ ಮಗ ನಿಮ್ಮಲ್ಲಿಗೆ ಬಂದಿದ್ನಂತೆ. ಚೆನ್ನಾಗಿ ನಕ್ಕಿರ್ತೀರ."

"ಇಲ್ಲ ಅವ್ವಾ..."

"ಸುಳ್ಳು ಹೇಳ್ಬೇಡ. ನಾನೇ ನಗ್ತೀನಿ. ಮೊನ್ನೆ ನನ್ನ ಕೂರಿಸ್ಕಂಡು ಅಗ್ರಹಾರದ ತನಕ ಹೋದ. ಪಕ್ಕದಲ್ಲಿ ಸೊಪ್ಪಿನವಳು ನಡ್ಕೊಂಡು ಬತ್ತಾವ್ಳೆ. ದಾರಿ ಉದ್ದಕ್ಕೂ ಚೌಕಾಸಿ ಮಾಡಿ ಸೊಪ್ಪು ತಗಂಡೆ, ಗಾಡಿ ನಿಲ್ಸೋದೇ ಬೇಕಾಗಲಿಲ್ಲ."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ಕೇಳದೆಯೇ ಹರಕೆಯ ವಿಷಯ ಹೇಳಿದರು. ಮಗ ಎಳೆಯವನಾಗಿದ್ದಾಗ ಸಿಡುಬು ಬಂದು ಕೈಬಿಟ್ಟ ಹಾಗೇ ಆಗಿತ್ತಂತೆ. ಇವನು ಉಳಿದರೆ ಇವನ ಕೈಯಿಂದಲೇ ಬೆಟ್ಟ ಹತ್ತಿಸಿಕೊಂಡು ಬರುತ್ತೇನೆಂದು ಹೇಳಿಕೊಂಡಿದ್ದರಂತೆ. ಉಳಿದ ಮಗ ಬೆಳೆದ, ದುಡಿದ, ಗೂಡು ಹಾಕಿದ; ಪ್ರತಿ ಶ್ರಾವಣದಲ್ಲೂ ಮುಂದಿನ ವರ್ಷ ಎಂದ. ಹೋದ ವರ್ಷ ತಾವೊಬ್ಬರೇ ಹತ್ತಲು ಹೊರಟು, ಅರ್ಧ ದಾರಿಯಲ್ಲಿ ಮೊಣಕಾಲು ಮಡಚಿ ಬಿದ್ದಾಗ, ಊರವರು ಕಂಬಳಿಯಲ್ಲಿ ಹೊತ್ತು ಇಳಿಸಿದ್ದರಂತೆ.

"ಡೋಲಿ ಮಾಡ್ತೀನಿ ಅಂದ. ಬಾಡಿಗೆ ಹೆಗಲ ಮೇಲೆ ಹೋಗಾಕೆ ನಾನೇನು ಹೆಣವಾ ಅಂದೆ. ಅವತ್ತಿಂದ ಗಾಡಿ ಗಾಡಿ ಅಂತ ಶುರು ಮಾಡ್ಕಂಡ. ಈ ಕಿತ ಆಗದಿದ್ರೆ ಈ ಕಾಲು ಮುಂದಿನ ಶ್ರಾವಣಕ್ಕೆ ಹೊಸ್ತಿಲೂ ದಾಟಾಕಿಲ್ಲ, ನಂಗೊತ್ತು."

ನಾನು ಅಲಸಂದೆಕಾಯಿಯ ಸಿಪ್ಪೆಯಲ್ಲೇ ಎರಡು ಕಡ್ಡಿ ಮಾಡಿ, ನಡುವೆ ಒಂದು ನಾರು ಸುತ್ತಿ, ಬುಡದ ಪಿನ್ನು ಎಳೆದರೆ ಎರಡೂ ಹೇಗೆ ಒಟ್ಟಿಗೆ ಬರುತ್ತವೆಂದು ತೋರಿಸಿದೆ. ಅವರು ಎರಡು ಸಲ ಮಾಡಿಸಿ ನೋಡಿದರು.

"ಗಂಟು ಬಿಚ್ಚಾಕಿಲ್ಲ ತಾನೆ?"

"ಗಂಟಿಗೆ ನನ್ನ ಕೈ ತಾಗೋದೇ ಇಲ್ಲ."

"ಹಂಗಾದ್ರೆ ಕಡ್ಡಿ ನಾನೇ ಎತ್ತುತೀನಿ. ಕಟ್ಟಿಸಿದ್ದು ನಾನು."

ಗಾಡಿ ಗ್ಯಾರೇಜಿಗೆ ಬಂತು, ಅವ್ವನೂ ಬಂದರು. ನಾನು ನೆಲದ ತಗಡು ಬಿಚ್ಚಿದೆ. ಬೋಲ್ಟು ಸಡಿಲಿಸಿ ಪಿನ್ನು ಎಳೆದೆ. ಅವ್ವ ಸೀಟಿನಲ್ಲಿ ಕೂತೇ ಎರಡೂ ಕೈಯಲ್ಲಿ ಕಡ್ಡಿಗಳನ್ನು ಎತ್ತಿ, ಮಗುವನ್ನು ತೆಗೆದುಕೊಂಡ ಹಾಗೆ ಮಡಿಲಿಗೆ ಹಾಕಿಕೊಂಡರು. ತಗಡಿನ ಚೂಪು ಅಂಚಿಗೆ ದಾರ ತಾಗದಂತೆ ಮೇಸ್ತ್ರಿ ಅಂಗೈ ಅಡ್ಡ ಹಿಡಿದಿದ್ದರು. ಅಂಗೈಗೆ ಗೀರು ಬಿತ್ತು, ಮೇಸ್ತ್ರಿ ಕೈ ಮಾತ್ರ ತೆಗೆಯಲಿಲ್ಲ.

ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಸ್ಕ್ರೂ ಡ್ರೈವರು ಕೊಟ್ಟು ಸರಳನ್ನು ತಳ್ಳಿದರೆ ಕದಲಲೇ ಇಲ್ಲ. ಸುತ್ತಿಗೆಯಿಂದ ತಟ್ಟಿದೆ, ಇಲ್ಲ. ಯಜಮಾನರು, "ದೇವರು ಬೇಡ ಅಂತಾವ್ನೆ" ಎಂದರು. ಮೇಸ್ತ್ರಿ ನನ್ನನ್ನು ನೋಡಿದರು, ಹೇಳಿಕೊಡಲಿಲ್ಲ. ಒಂದು ಕ್ಷಣ ಕೈ ತೆಗೆದು ಯೋಚಿಸಿದೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗುತ್ತದೆ, ಹಿಂದಿನದು ಕಡಿಮೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಆ ವ್ಯತ್ಯಾಸವೆಲ್ಲ ಒಳಗೇ ಹಗ್ಗದ ಹುರಿಯಂತೆ ಬಿಗಿಯುತ್ತ ಹೋಗುತ್ತದೆ. ಮೂರು ವಾರದ ಮೈಸೂರಿನ ತಿರುವುಗಳೆಲ್ಲ ಆ ಪೆಟ್ಟಿಗೆಯಲ್ಲಿ ಬಿಗಿದು ಕೂತಿದ್ದವು.

ಎಲ್ಲರನ್ನೂ ದೂರ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಒಂದು ಚಕ್ರಕ್ಕೆ ಜಾಕ್ ಹಾಕಿದೆ. ಟಯರು ನೆಲ ಬಿಟ್ಟ ಗಳಿಗೆಗೆ ಚಕ್ರ ತಾನೇ ಜರ್ರನೆ ಹಿಂದಕ್ಕೆ ತಿರುಗಿತು.

"ಅಯ್ಯೋ, ಅದೇನೋ ಬಂತು ಅದಕ್ಕೆ!" ಯಜಮಾನರು ಹಾರಿ ನಿಂತರು.

"ಬಂದದ್ದಲ್ಲ, ಹೋದದ್ದು" ಎಂದೆ. ಈಗ ಸರಳನ್ನು ಬೆರಳಿನಿಂದ ತಳ್ಳಿದರೂ ಸರಿಯಿತು. ಆಮೇಲೆ ಸವೆದ ಮುಂದಿನ ಟಯರುಗಳನ್ನು ಬದಲಾಯಿಸಿ, ಅವ್ವನ ಮಡಿಲಿನ ಕಡ್ಡಿಗಳ ಸಮೇತ ಗಾಡಿಯನ್ನು ಮನೆಗೆ ಬಿಟ್ಟು ಬಂದೆ. ಕಡ್ಡಿಗಳು ದೇವರ ಗೂಡಿನಲ್ಲಿ ಕೂತವು.

ಇನ್ನು ಯಜಮಾನರನ್ನು ರಿಪೇರಿ ಮಾಡಬೇಕಿತ್ತು. ಬೆಟ್ಟಕ್ಕೆ ಡ್ರೈವರು ಹೋಗುವ ಹಾಗಿಲ್ಲ, ಹರಕೆಯ ಪ್ರಕಾರ ಮಗನೇ ಹತ್ತಿಸಬೇಕು. ಶ್ರಾವಣದ ಮೊದಲ ಎರಡು ಶನಿವಾರ ಕಲಿಕೆಗೆ ಹೋದವು. ಅವರ ಇಟ್ಟಿಗೆ ಗೂಡಿನ ಪಕ್ಕದಲ್ಲಿ ಮಣ್ಣು ತೆಗೆದ ದೊಡ್ಡ ಗುಂಡಿ ಇತ್ತು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಏರು. ನಾನು ದಿನವೂ ಬೆಳಿಗ್ಗೆ ಅಲ್ಲಿಗೆ ಹೋಗಿ ಪಾಠ ಹೇಳಿದೆ. ಅಭ್ಯಾಸಕ್ಕೆ ಮೇಸ್ತ್ರಿ ಬೇರೆ ಎರಡು ಹಳೆಯ ಕಡ್ಡಿ ಕೊಟ್ಟಿದ್ದರು.

ಯಜಮಾನರು ಹುಟ್ಟಿನಿಂದ ಎತ್ತಿನ ಗಾಡಿ ಹೊಡೆದವರು. ಏರು ಬಂದರೆ ಸ್ಟೀರಿಂಗನ್ನು ಹಗ್ಗದ ಹಾಗೆ ಎದೆಗೆ ಎಳೆದುಕೊಂಡು ಹಿಂದಕ್ಕೆ ವಾಲುತ್ತಿದ್ದರು. ನಿಲ್ಲಿಸಬೇಕಾದರೆ ಬ್ರೇಕಿಗೆ ಮುಂಚೆ "ಹೋ ಹೋ" ಎನ್ನುತ್ತಿದ್ದರು. ಗಾಡಿ ನಿಲ್ಲದೆ ಹೋದರೆ ಬೇಸರವಾಗುತ್ತಿತ್ತು. ಎಡಗಾಲು ಸದಾ ಕ್ಲಚ್ಚಿನ ಮೇಲೆ. ಇಳಿಯುವಾಗ ಕ್ಲಚ್ಚು ಪೂರ್ತಿ ಒತ್ತಿಬಿಡುತ್ತಿದ್ದರು.

"ಕ್ಲಚ್ ಒತ್ತಿದ್ರೆ ಇಂಜಿನ್ನು ಗಾಡೀನ ಕೈಬಿಟ್ಟ ಹಾಗೆ ಯಜಮಾನ್ರೇ. ಇಳಿಯೋವಾಗ ಹಿಡ್ಕೊಳ್ಳೋದು ಇಂಜಿನ್ನೇ."

"ಎತ್ತಿಗೆ ಇಳಿಯೋವಾಗ ಹಗ್ಗ ಸಡಿಲ ಬುಡಬೇಕು ಕಣಪ್ಪ."

"ಇದು ಎತ್ತಲ್ಲ."

"ಅದೇ ಅದರ ತಪ್ಪು."

ಗೂಡಿನ ಆಳುಗಳು ಇಟ್ಟಿಗೆ ಹೊರುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಒಬ್ಬಳು, "ಯಜಮಾನ್ರು ನಮಗೆ ಗುಂಡಿ ತೋಡೋ ಕೆಲಸ ಉಳಿಸ್ತಾವ್ರೆ" ಎಂದಳು. ಅವತ್ತು ಡೈರಿಯ ಹಿಂಬದಿಯಲ್ಲಿ ಗೀಟು ಹಾಕಲು ಜಾಗವಿರಲಿಲ್ಲ, ಹೊಸ ಪುಟ ಹಿಡಿಯಬೇಕಾಯಿತು. ಆದರೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಉಳಿದ ಜೀಪು ಒಡೆಯರೆಲ್ಲ ಏರು ಕಂಡೊಡನೆ ಆಕ್ಸಿಲರೇಟರ್ ಅದುಮಿ, ಚಕ್ರ ಗಿರ್ರನೆ ತಿರುಗಿಸಿ, ಕೆಸರು ಹಾರಿಸಿ ಸಿಕ್ಕಿಕೊಳ್ಳುತ್ತಿದ್ದರು. ಇವರು ಸಣ್ಣ ಗೇರಿನಲ್ಲಿ ಆತುರವಿಲ್ಲದೆ ತೆವಳುತ್ತಿದ್ದರು. ಆನೆ ಓಡುವುದಿಲ್ಲ ಎಂದು ನಂಬಿದ್ದರಲ್ಲ. ಮೈಸೂರಿನಲ್ಲಿ ಮೂರು ವಾರ ಸತತವಾಗಿ ಬೆಟ್ಟದ ಗೇರು ಓಡಿಸಿದ ಅಭ್ಯಾಸ ಇನ್ಯಾರಿಗೂ ಇರಲಿಲ್ಲ.

ಮೂರನೆಯ ಶನಿವಾರ ಬೆಳಕು ಹರಿಯುವಾಗ ಹೊರಟೆವು. ಮುಂದೆ ಯಜಮಾನರು ಮತ್ತು ಅವ್ವ, ಹಿಂದೆ ನಾನು, ನನ್ನ ಸಾಮಾನಿನ ಚೀಲ, ತೆಂಗಿನಕಾಯಿ ಬುಟ್ಟಿ. ಕಡ್ಡಿಗಳು ಅವ್ವನ ಮಡಿಲಿನಲ್ಲಿ ಹಸಿರು ರವಿಕೆ ಕಣದಲ್ಲಿ ಸುತ್ತಿಕೊಂಡಿದ್ದವು. ನಂಜನಗೂಡಿನ ತನಕ ಗಾಡಿ ನೀರು ಕೇಳಲಿಲ್ಲ. ಅವ್ವ, "ಏನ್ಲಾ, ಇವತ್ತು ಒಂದು ಸೊಪ್ಪಿನವಳೂ ಸಿಕ್ಕಾಕಿಲ್ವಲ್ಲ" ಎಂದು ಮಗನನ್ನು ಕೆಣಕಿದರು.

ಬುಡದಲ್ಲಿ ನಿಲ್ಲಿಸಿ ತಗಡು ಬಿಚ್ಚಿದೆ. ಸರಳುಗಳನ್ನು ಬೆಟ್ಟದ ಗೇರಿಗೆ ತಳ್ಳಿದೆ. ಅವ್ವ ಕಡ್ಡಿಗಳನ್ನು ಇಳಿಬಿಟ್ಟರು, ನಾನು ಪಿನ್ನು ತೂರಿಸಿ ಬೋಲ್ಟು ಬಿಗಿದೆ. ದಾರ ಇದ್ದ ಹಾಗೇ ಇತ್ತು. ಹಿಂದಿನ ರಾತ್ರಿಯ ಮಳೆಗೆ ದಾರಿ ಮೆತ್ತಗಾಗಿತ್ತು, ಆದರೂ ಚಕ್ರ ಕಚ್ಚಿಕೊಂಡು ಹತ್ತುತ್ತಿದ್ದವು. ಅರ್ಧ ಬೆಟ್ಟದ ತನಕ ನಾನು ಬಾಯಿ ತೆರೆಯಬೇಕಾಗಲಿಲ್ಲ.

ಅಲ್ಲಿ ಒಂದು ಬಲ ತಿರುವು. ಎಡಕ್ಕೆ ಕಣಿವೆ. ತಿರುಗುವಾಗ ಜೀಪಿನ ಮೂತಿ ಮೇಲಕ್ಕೆದ್ದು ಮುಂದೆ ಬರೀ ಆಕಾಶ ಕಂಡಿತು. ಈ ಗಾಡಿಗಳಿಗೆ ಸ್ಟೀರಿಂಗು ಎಡಗಡೆ. ಕಣಿವೆ ಯಜಮಾನರ ಮೊಣಕೈ ಕೆಳಗೇ ಇತ್ತು. ಅವರು "ಹೋ" ಎಂದವರೇ ಬ್ರೇಕ್ ತುಳಿದರು. ಇಂಜಿನ್ನು ಎರಡು ಸಲ ನಡುಗಿ ನಿಂತಿತು. ಗಾಡಿ ಒಂದು ಗೇಣು ಹಿಂದಕ್ಕೆ ಸರಿದು ಹಿಡಿದುಕೊಂಡಿತು.

ನಾನು ಹಾರಿ ಇಳಿದು ಹಿಂದಿನ ಎರಡು ಚಕ್ರಕ್ಕೂ ಕಲ್ಲು ಕೊಟ್ಟೆ. ಅಲ್ಲಿ ನಿಂತ ಮೇಲೆ ಅವ್ವ ಹೋದ ವರ್ಷ ಬಿದ್ದ ಜಾಗ ಅದೇ ಎಂದು ಗೊತ್ತಾಯಿತು. ಅವರೇ ಹೇಳಿದರು. "ಇಲ್ಲೇ ಮಗಾ. ಈ ಬಂಡೆ ಹತ್ರವೇ." ದನಿಯಲ್ಲಿ ತಮಾಷೆ ಇರಲಿಲ್ಲ.

ಯಜಮಾನರ ಮುಖ ಬೆವೆತಿತ್ತು. "ನೀನೇ ಬಾ ಕಣಪ್ಪ. ನನ್ನ ಕೈಲಾಗಾಕಿಲ್ಲ. ಅವ್ವ ಕೂತವ್ಳೆ ಪಕ್ಕದಲ್ಲಿ."

ಅವ್ವ ಕಡ್ಡಿಗೆ ಕಟ್ಟಿದ ದಾರವನ್ನೇ ನೋಡುತ್ತಿದ್ದರು.

ನಾನು ಹತ್ತಿ ಕೂತಿದ್ದರೆ ಗಾಡಿ ಮೇಲೇರುತ್ತಿತ್ತು, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಹರಕೆ ಅಲ್ಲೇ ಆ ಬಂಡೆಯ ಹತ್ತಿರ ಉಳಿದುಹೋಗುತ್ತಿತ್ತು. ಕೆಟ್ಟಿದ್ದು ಗಾಡಿಯೂ ಅಲ್ಲ, ಅವರ ಕೈಯೂ ಅಲ್ಲ, ಕ್ಲಚ್ಚಿನ ಭಯವೊಂದೇ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವಾಗ ಕ್ಲಚ್ಚು ಬಿಡುವುದು, ಬ್ರೇಕು ಬಿಡುವುದು, ಆಕ್ಸಿಲರೇಟರ್ ಕೊಡುವುದು ಮೂರೂ ಒಟ್ಟಿಗೆ ಆಗಬೇಕು. ಅದು ಅವರಿಗೆ ಗುಂಡಿಯಲ್ಲೇ ಬಂದಿರಲಿಲ್ಲ. ಹಾಗಾದರೆ ಕ್ಲಚ್ಚೇ ಬೇಡ ಎಂದು ತೀರ್ಮಾನಿಸಿದೆ. ಮೇಸ್ತ್ರಿ ಒಮ್ಮೆ ಹೇಳಿದ್ದ ಮಿಲಿಟರಿ ಉಪಾಯ ಅದು. ಈ ಸಣ್ಣ ಗೇರಿನಲ್ಲಿ ಸ್ಟಾರ್ಟರಿನ ಮೋಟಾರೇ ಗಾಡಿಯನ್ನು ಎಳೆಯಬಲ್ಲದು.

"ಯಜಮಾನ್ರೇ, ನೀವೇ ಹತ್ತಿಸ್ತೀರಿ. ಎಡಗಾಲು ತೆಗೆದು ಕೆಳಗೆ ಮಡಚಿ ಇಟ್ಕೊಳ್ಳಿ. ಆ ಕಾಲು ಇಲ್ಲ ಅಂತ್ಲೇ ತಿಳ್ಕೊಳ್ಳಿ."

"ಇಟ್ಟೆ."

"ಗೇರು ಒಂದರಲ್ಲೇ ಇರಲಿ. ಬ್ರೇಕು ನಿಧಾನಕ್ಕೆ ಬಿಡಿ. ಕಲ್ಲು ಕೊಟ್ಟಿದೀನಿ, ಎಲ್ಲಿಗೂ ಹೋಗಲ್ಲ."

ಬ್ರೇಕು ಬಿಟ್ಟರು. ಗಾಡಿ ಕದಲಲಿಲ್ಲ. ಅವರು ಮೊದಲ ಸಲ ಉಸಿರು ಬಿಟ್ಟರು.

"ಈಗ ನಾನು ಮುಂದೆ ನಡೀತೀನಿ. ಕಣಿವೆ ನೋಡ್ಬೇಡಿ, ನನ್ನ ಕೈ ನೋಡಿ. ಬಲಗಾಲಲ್ಲಿ ಸ್ಟಾರ್ಟರ್ ಒತ್ತಿ, ಹಿಡಿದೇ ಇರಿ."

ಒತ್ತಿದರು. ಗಾಡಿ ಒಮ್ಮೆ ಕುಲುಕಿ, ಮಗು ಅಂಬೆಗಾಲಿಡುವ ಹಾಗೆ ಕಲ್ಲು ಬಿಟ್ಟು ಮುಂದೆ ಸರಿಯಿತು. ಎರಡು ಮಾರು ಹೋಗುವುದರೊಳಗೆ ಇಂಜಿನ್ನು ಹತ್ತಿಕೊಂಡಿತು. ನಾನು ಹಿಂದು ಹಿಂದಕ್ಕೆ ನಡೆಯುತ್ತ, ಎತ್ತಿನ ಮೂಗುದಾರ ಹಿಡಿದವನ ಹಾಗೆ ಕೈ ತೋರಿಸುತ್ತ ಹೋದೆ. ಬಲಕ್ಕೆ ಎಂದರೆ ಬಲಕ್ಕೆ, ನೆಟ್ಟಗೆ ಎಂದರೆ ನೆಟ್ಟಗೆ. ನಾನು ನಡೆಯುವ ವೇಗಕ್ಕೂ ಗಾಡಿಯ ವೇಗಕ್ಕೂ ಒಂದು ಹೆಜ್ಜೆಯ ವ್ಯತ್ಯಾಸವಿರಲಿಲ್ಲ. ಯಜಮಾನರ ಮುಖಕ್ಕೆ ಲಷ್ಕರ್ ಮೊಹಲ್ಲಾಕ್ಕೆ ಬಂದಾಗಿದ್ದ ಗಾಂಭೀರ್ಯ ನಿಧಾನವಾಗಿ ಮರಳಿತು. ಕೊನೆಯ ತಿರುವಿನಲ್ಲಿ ಅವರು ನನಗೇ, "ಬೇಗ ನಡಿಯಯ್ಯಾ, ಹಿಂದೆ ಗಾಡಿ ಬತ್ತಾ ಐತೆ" ಎಂದರು.

ಗುಡಿಯ ಮುಂದೆ ಅವ್ವ ಇಳಿಯಲಿಲ್ಲ. ಮೊದಲು ಬಗ್ಗಿ ಕಂಕಣದ ಗಂಟು ಬಿಚ್ಚಿದರು. ಬಿಗಿಯಾಗಿತ್ತು, ಹಲ್ಲು ಹಚ್ಚಬೇಕಾಯಿತು. ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮಗನ ಭುಜ ಹಿಡಿದು ಇಳಿದರು. ಅಲ್ಲಿಂದ ಗುಡಿಯೊಳಕ್ಕೆ ಹದಿನೈದು ಇಪ್ಪತ್ತು ಹೆಜ್ಜೆ. ಅದನ್ನು ತಾಯಿ ಮಗ ಇಬ್ಬರೇ ನಡೆದರು. ನಾನು ಗಾಡಿಯ ಹತ್ತಿರ ಉಳಿದು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದೆ.

ಇಳಿಯುವಾಗಲೂ ಅದೇ ಗೇರು. ಯಜಮಾನರ ಎಡಗಾಲು ಬುಡದ ತನಕ ಮಡಚಿಯೇ ಇತ್ತು. ಟಾರು ರಸ್ತೆಗೆ ಬಂದಮೇಲೆ ಎರಡೂ ಕಡ್ಡಿಗಳನ್ನು ಅವರ ಕೈಯಿಂದಲೇ ಬಿಡಿಸಿದೆ. ತಮ್ಮ ಗಾಡಿಯಲ್ಲಿ ಇಂಥ ವೇಗವಿತ್ತೆಂದು ಅವರು ನಂಜನಗೂಡಿಗೆ ಹೋಗುವಾಗ ನೋಡಿದ್ದರು, ಆದರೆ ಆಗ ಭಯವಿತ್ತು. ಈಗ ಅದೂ ಇರಲಿಲ್ಲ. ಒಂದು ಬಸ್ಸನ್ನು ಹಿಂದೆ ಹಾಕಿದರು, ಇನ್ನೊಂದನ್ನು ಹಿಂದೆ ಹಾಕಿದರು. ಪೇಟ ಹಾರಿ ನನ್ನ ಮಡಿಲಿಗೆ ಬಿತ್ತು, ಅವರಿಗೆ ಗೊತ್ತಾಗಲಿಲ್ಲ.

"ನಿಲ್ಸ್ಲಾ!" ಎಂದರು ಅವ್ವ. ನಿಲ್ಲಿಸಿದರು. ಅವ್ವ ಸೆರಗಿನ ಗಂಟಿನಿಂದ ಹಳದಿ ದಾರ ತೆಗೆದು ನನ್ನ ಕಡೆ ತಿರುಗಿದರು.

"ಮಗಾ, ಈ ಕಡ್ಡಿಗಳನ್ನ ಮೊದಲಿನಂಗೇ ಕಟ್ಬುಡು."

"ಟಾರಿಗೆ ಅದು ಆಗಿಬರಲ್ಲ ಅವ್ವಾ. ಮತ್ತೆ ಒಳಗೆ ಬಿಗಿದುಕೊಳ್ತದೆ."

"ಹಂಗಾದ್ರೆ ಇವನ ಕಾಲಿಗೆ ಕಟ್ಟು."

ಮುಂದಿನ ತಿಂಗಳು ಆಯಿಲ್ ಬದಲಾಯಿಸಲು ಆ ಜೀಪು ಗ್ಯಾರೇಜಿಗೆ ಬಂತು. ಶಬ್ದವಿಲ್ಲದೆ, ಹದವಾದ ವೇಗದಲ್ಲಿ ಬಂತು. ಮೇಸ್ತ್ರಿ ಅಭ್ಯಾಸ ಬಲದಿಂದ, "ಅಂಬಾರಿ ಬಂತು" ಎಂದರು. ನಾನು ನೆಲದ ತಗಡು ಒರೆಸಲು ಬಗ್ಗಿದೆ. ಆಕ್ಸಿಲರೇಟರ್ ಪೆಡಲಿನ ಕೆಳಗೆ, ಅದು ಅರ್ಧಕ್ಕಿಂತ ಕೆಳಗೆ ಹೋಗದಂತೆ, ಬೆಣೆಯ ಹಾಗೆ ಕೆತ್ತಿದ ಒಂದು ತುಂಡು ಹಲಸಿನ ಮರ. ಅದು ಅಲುಗಾಡದಂತೆ ಹಳದಿ ದಾರದಿಂದ ಸುತ್ತುಸುತ್ತಾಗಿ ಕಟ್ಟಿತ್ತು. ಮೇಲೆ ಕುಂಕುಮ.

ಮೇಸ್ತ್ರಿಯೂ ಬಗ್ಗಿ ನೋಡಿದರು. ಯಜಮಾನರು ಆಚೆ ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು.

"ಬಿಚ್ಬೇಡ ಕಣೋ" ಎಂದರು ಮೇಸ್ತ್ರಿ. "ಆ ವಕೀಲರ ಗಾಡಿಗೂ ಇಂಥದೊಂದು ಮಾಡ್ಸೋಣ."